ಎಳೆದರೆ ಬಾರದ ಲಿವರ್

ಹೊಸನಗರ ಪೇಟೆಯ ಹೊರಗೆ, ಟಾರ್ ರಸ್ತೆಯ ಬದಿಗೆ ಜೀಪು ನಿಲ್ಲಿಸಿಕೊಂಡು ಎರಡೂ ಕೈಯಲ್ಲಿ ಲಿವರ್ ಎಳೆಯುತ್ತಿದ್ದೆ. ಬರಲೇ ಇಲ್ಲ. ತೋಟದ ಕೆಸರಿನಲ್ಲಿ ಆ ಲಿವರ್ ಸರಿಸಿ ಫೋರ್ ವೀಲ್, ಅಂದರೆ ಹಿಂದಿನ ಚಕ್ರಗಳ ಜೊತೆ ಮುಂದಿನವಕ್ಕೂ ಎಂಜಿನ್ನಿನ ಶಕ್ತಿ, ಹಾಕಿದ್ದೆ. ತೆಗೆಯೋದು ಮರೆತು ಆರು ಕಿಲೋಮೀಟರ್ ಟಾರಿನ ಮೇಲೆ ಬಂದಿದ್ದೆ. ಸ್ಟೀರಿಂಗ್ ಕಲ್ಲಾಗಿತ್ತು. ತಿರುವಿನಲ್ಲೆಲ್ಲ ಟಯರ್ ಕಿರುಗುಟ್ಟುತ್ತಿತ್ತು. ಕಾಲು ಒತ್ತುಕೊಟ್ಟು ಇನ್ನೊಂದು ಸಲ ಎಳೆಯೋಣ ಅನ್ನುವಷ್ಟರಲ್ಲಿ ಕೊಡಚಾದ್ರಿಗೆ ಬಾಡಿಗೆ ಹೊಡೆಯುವ ಅಣ್ಣ ಒಬ್ಬರು ತಮ್ಮ ಜೀಪು ನಿಲ್ಲಿಸಿದರು.

"ಎಂತ ಮಾರಾಯಾ, ಬಾವಿಯಿಂದ ಕೊಡಪಾನ ಎಳೆದ ಹಾಗೆ ಎಳೀತಿದೀಯಲ. ಬಿಡು ಅದನ್ನ. ರಿವರ್ಸ್ ಹಾಕಿ ಎರಡು ಮಾರು ಹಿಂದೆ ಹೋಗು, ಸೀದಾ."

ಹೋದೆ. ಅಡಿಯಲ್ಲೆಲ್ಲೋ 'ಟಕ್' ಅಂತು. ಕ್ಲಚ್ ತುಳಿದು ಎರಡು ಬೆರಳಲ್ಲಿ ಮುಟ್ಟಿದೆ, ಅಷ್ಟೇ, ಲಿವರ್ ತಾನೇ ಬಂತು. ಅಣ್ಣ ನಕ್ಕು ಹೊರಟುಹೋದರು. ಕಾರಣ ಹೇಳಲಿಲ್ಲ. ಅದನ್ನು ನಾನೇ ಹುಡುಕಿಕೊಳ್ಳಬೇಕಾಯಿತು.

ನಮ್ಮದು ಅಪ್ಪನ ಕಾಲದ ಮಹೀಂದ್ರ ಎಂಎಂ 540. 1989ರದ್ದು, 2112 ಸಿಸಿ ಪ್ಯೂಜೋ ಡೀಸೆಲ್ ಎಂಜಿನ್. ಗೇರ್ ಲಿವರ್ ಪಕ್ಕ ಇನ್ನೆರಡು ಗಿಡ್ಡ ಲಿವರ್ ಇವೆ. ಒಂದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡೋದು, ನಾವು ಅದನ್ನು 'ಫ್ರಂಟ್' ಅನ್ನುತ್ತೇವೆ. ಇನ್ನೊಂದು ಹೈ, ಲೋ ಬದಲಿಸೋದು. ಹೈ ಮಾಮೂಲಿ ಓಡಾಟಕ್ಕೆ, ಲೋ ನಿಧಾನ ಹೋದರೂ ಬಲ ಜಾಸ್ತಿ ಬೇಕಾದ ಕಡೆಗೆ. ಯಾವ ಕಡೆ ತಳ್ಳಿದರೆ ಏನು ಅಂತ ಬರೆದಿದ್ದ ತಗಡು ಎಂದೋ ಸವೆದು ನುಣ್ಣಗಾಗಿದೆ.

ಕಾರಣ ತಿಳಿದದ್ದು ಅಡಿಕೆ ಒಣಗಿಸುವ ಅಂಗಳದಲ್ಲಿ. ಕೆಸರು ಟಯರಿನಲ್ಲೇ ಜೀಪನ್ನು ಒಂದು ಸುತ್ತು ಪೂರ್ತಿ ತಿರುಗಿಸಿ, ಇಳಿದು ಗುರುತು ನೋಡಿದೆ. ಮುಂದಿನ ಚಕ್ರ ದೊಡ್ಡ ಸುತ್ತು ಹಾಕಿತ್ತು. ಹಿಂದಿನದು ಒಳಗಿಂದ ಸಣ್ಣ ಸುತ್ತಿನಲ್ಲಿ ಬಂದಿತ್ತು. ಸಗಣಿ ಸಾರಿಸಿದ ಅಂಗಳ ಹಾಳು ಮಾಡಿದ್ದಕ್ಕೆ ಅಮ್ಮನ ಹತ್ತಿರ ಬೈಸಿಕೊಂಡದ್ದು ಬೇರೆ ಮಾತು. ಮುಂದಿನ ಚಕ್ರ ಜಾಸ್ತಿ ದೂರ ಹೋಗಬೇಕು ಅಂದರೆ ಅದು ಜೋರಾಗಿ ತಿರುಗಬೇಕು, ಅಲ್ವಾ? ಆದರೆ ಈ ಹಳೇ ಜೀಪುಗಳಲ್ಲಿ ಫ್ರಂಟ್ ಹಾಕಿದ ಕೂಡಲೇ ಚಕ್ರಗಳಿಗೆ ಶಕ್ತಿ ಒಯ್ಯುವ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಎರಡೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಎರಡಕ್ಕೂ ಒಂದೇ ವೇಗ. ನಡುವೆ ಹೆಚ್ಚುಕಡಿಮೆ ಸರಿಮಾಡಲು ಡಿಫರೆನ್ಶಿಯಲ್ ಇಲ್ಲ. ಕೆಸರಿನಲ್ಲಾದರೆ ಟಯರ್ ಅಷ್ಟಿಷ್ಟು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಟಾರಿನಲ್ಲಿ ಜಾರುವುದಿಲ್ಲ. ಆಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಶಾಫ್ಟುಗಳು ತಿರುಚಿಕೊಳ್ಳುತ್ತವೆ. ಗೇರಿನ ಹಲ್ಲುಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಅದನ್ನು ಕೈಯಲ್ಲಿ ಎಳೆದು ಬಿಡಿಸಲು ಭೀಮನೇ ಬರಬೇಕು. ಹಿಂದೆ ಹೋದರೆ ಹಿಂಡಿದ್ದು ಬಿಚ್ಚಿಕೊಳ್ಳುತ್ತದೆ. ಒಂದು ಕಡೆಯ ಚಕ್ರ ಮಣ್ಣಿಗೆ ಇಳಿಸಿದರೂ ಆಗುತ್ತದೆ.

ಇನ್ನೊಂದು ಪೆದ್ದತನವೂ ನನ್ನದೇ. ದುಡ್ಡು ಉಳಿಸಲು ಹಿಂದಕ್ಕೆ ಮಾತ್ರ ಹೊಸ 6.00–16 ಟಯರ್ ಹಾಕಿಸಿ, ಮುಂದೆ ಸವೆದದ್ದನ್ನೇ ಬಿಟ್ಟಿದ್ದೆ. ಸವೆದ ಟಯರಿನ ಸುತ್ತಳತೆ ಕಡಿಮೆ. ಹಾಗಾಗಿ ನೇರ ರಸ್ತೆಯಲ್ಲೂ ಹಿಂಡುವ ಕೆಲಸ ನಡೆದೇ ಇತ್ತು. ನಾಲ್ಕೂ ಒಂದೇ ಸಮ ಮಾಡಿದ ಮೇಲೆ ಅರ್ಧ ತಂಟೆ ಹೋಯಿತು.

ಫ್ರಂಟ್ ಹಾಕೋದು ಸುಲಭ. ನೇರವಾಗಿ, ನಿಧಾನ ಹೋಗುತ್ತಿರುವಾಗ ಆಕ್ಸಿಲರೇಟರ್ ಬಿಟ್ಟು, ಕ್ಲಚ್ ತುಳಿದು ಲಿವರ್ ಸರಿಸಿದರೆ ಬೀಳುತ್ತದೆ. ಹಿಂದಿನ ಚಕ್ರ ಗಿರ್ರನೆ ಸುತ್ತುತ್ತಿರುವಾಗ ಮಾತ್ರ ಹಾಕಬಾರದು. ಲೋ ಹಾಗಲ್ಲ. ಅದು ನಿಂತು ಹಾಕುವಂಥದ್ದು. ಅದನ್ನು ನಾನು ಕಲಿತದ್ದು ಒಂದು ಪುನರ್ವಸು ಮಳೆಯಲ್ಲಿ.

ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ. ಮೇಲಿನ ತೋಟಕ್ಕೆ ನೀರಿನ ಅನುಕೂಲ ಇಲ್ಲ. 200 ಲೀಟರ್ ಡ್ರಮ್ಮಿನಲ್ಲಿ ಬೋರ್ಡೋ ಅನ್ನುವ ಆ ಔಷಧಿ ಕಲಸಿಕೊಂಡೇ ಒಯ್ಯಬೇಕು. ಎರಡು ಕೆಜಿ ಮೈಲುತುತ್ತ, ಎರಡು ಕೆಜಿ ಸುಣ್ಣ. ಹಳ್ಳ ದಾಟಿ, ಜಂಬಿಟ್ಟಿಗೆ ಕಡಿದು ಮಾಡಿದ ಏರು. ಫ್ರಂಟ್ ಹಾಕಿ, ಹೈಯಲ್ಲೇ ಒಂದನೇ ಗೇರಿನಲ್ಲಿ ಹತ್ತಿಸಿದೆ. ಅರ್ಧ ದಾರಿಗೆ ಎಂಜಿನ್ ಉಸಿರುಕಟ್ಟಿತು. ಲೋ ಹಾಕೋಣ ಅಂತ ಅಲ್ಲೇ ಕ್ಲಚ್ ತುಳಿದು ಲಿವರ್ ಎಳೆದೆ. ಹೈ ಬಿಟ್ಟಿತು, ಲೋ ಬೀಳಲಿಲ್ಲ.

ಹೈ ಮತ್ತು ಲೋ ನಡುವೆ ಒಂದು ನ್ಯೂಟ್ರಲ್ ಇದೆ. ಅಲ್ಲಿ ನಿಂತರೆ ಗೇರ್ ಬಾಕ್ಸಿನಲ್ಲಿ ಒಂದನೇ ಗೇರ್ ಇದ್ದರೂ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧವೇ ಇಲ್ಲ. ಜೀಪು ಹಿಂದಕ್ಕೆ ಜಾರತೊಡಗಿತು. ಬ್ರೇಕ್ ತುಳಿದೆ. ಆಗಷ್ಟೇ ಹಳ್ಳ ದಾಟಿದ್ದ ಡ್ರಮ್ ಬ್ರೇಕು, ಒದ್ದೆ. ಹ್ಯಾಂಡ್ ಬ್ರೇಕ್ ಎಳೆದೆ. ನನ್ನ ಜೀಪಿನಲ್ಲಿ ಅದು ಚಕ್ರದಲ್ಲಿಲ್ಲ, ಆ ಎರಡು ಗಿಡ್ಡ ಲಿವರ್ ಆಡಿಸುವ ಗೇರಿನ ಪೆಟ್ಟಿಗೆಯ, ಅಂದರೆ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟ್ ಹೊರಬರುವಲ್ಲಿ ಇದೆ. ಅಲ್ಲಿನ ಆಯಿಲ್ ಸೀಲ್ ಸೋರಿ ಬ್ರೇಕಿನ ಲೈನರ್ ಎಲ್ಲ ಎಣ್ಣೆ. ಅದೂ ಹಿಡಿಯಲಿಲ್ಲ. ಸ್ಟೀರಿಂಗ್ ತಿರುಗಿಸಿ ಹಿಂಬದಿಯನ್ನು ದಾರಿ ಪಕ್ಕದ ಮಣ್ಣಿನ ಧರೆಗೆ ಒರಗಿಸಿದೆ. ಡ್ರಮ್ಮಿನ ನೀಲಿ ನೀರು ಅರ್ಧ ನನ್ನ ಬೆನ್ನಿಗೆ, ಅರ್ಧ ಧರೆಗೆ. ಆ ವರ್ಷ ಧರೆಯ ಆ ಮೂಲೆಯಲ್ಲಿ ಪಾಚಿ ಹುಟ್ಟಲಿಲ್ಲ.

ಆಮೇಲೆ ಸೀಲ್ ಬದಲಿಸಲು ಕೇಸ್ ಇಳಿಸಿದಾಗ ಮೇಸ್ತ್ರಿ ಜೊತೆ ನಾನೂ ಕೂತೆ. ಡ್ರೈನ್ ಬೋಲ್ಟಿಗೆ ಲೋಹದ ಚೂರು ಮಿನುಗುತ್ತಾ ಅಂಟಿಕೊಂಡಿತ್ತು. ಆಯಿಲ್ ಚಹಾಕ್ಕೆ ಹಾಲು ಹಾಕಿದ ಬಣ್ಣ, ಹಳ್ಳದ ನೀರು ಒಳಗೆ ಸೇರಿತ್ತು. ಸರಿಯುವ ಗೇರನ್ನು ಮೇಸ್ತ್ರಿ ಸೀಮೆಎಣ್ಣೆಯಲ್ಲಿ ತೊಳೆದು ಕೈಗೆ ಕೊಟ್ಟರು. ಹಲ್ಲುಗಳ ತುದಿ ಹಳೇ ತುರಿಯೋ ಮಣೆಯ ಹಾಗೆ ಮೊಂಡು. "ಇದು ನೀವು ಕರಕರ ಅನ್ನಿಸಿದ ಲೆಕ್ಕ" ಅಂದರು. ಗೇರ್ ಬಾಕ್ಸಿನಲ್ಲಿ ಇರುವಂಥ ಸಿಂಕ್ರೊ, ಅಂದರೆ ಹಲ್ಲು ಕೂಡುವ ಮೊದಲು ಎರಡರ ವೇಗ ಒಂದೇ ಸಮ ಮಾಡುವ ಭಾಗ, ಇಲ್ಲಿ ಇಲ್ಲ. ತಿರುಗುತ್ತಿರುವ ಹಲ್ಲಿಗೆ ಇನ್ನೊಂದು ಹಲ್ಲನ್ನು ತಳ್ಳಿದರೆ ಅರೆಯದೆ ಇನ್ನೇನು ಮಾಡೀತು?

ಎರಡು ಲಿವರಿನ ಸರಳುಗಳ ನಡುವೆ ಒಂದು ಪುಟ್ಟ ಕಬ್ಬಿಣದ ಗುಳಿಗೆಯೂ ಸಿಕ್ಕಿತು. ಹೆಸರುಬೇಳೆಗಿಂತ ದೊಡ್ಡದು, ಅಡಿಕೆಗಿಂತ ಸಣ್ಣದು. ಫ್ರಂಟ್ ಬೀಳದೆ ಲೋ ಬೀಳದ ಹಾಗೆ ತಡೆಯೋದು ಅದೇ. ಲೋದಲ್ಲಿ ಬಲ ಸುಮಾರು ಎರಡೂವರೆ ಪಟ್ಟು ಆಗುತ್ತದೆ, ಲೆಕ್ಕದಲ್ಲಿ 2.46. ಅಷ್ಟನ್ನೂ ಹಿಂದಿನ ಆಕ್ಸಲ್ ಒಂದೇ ಹೊತ್ತರೆ ಮುರಿದೀತು. ಹಾಗಾಗಿ ಮೊದಲು ಫ್ರಂಟ್, ಆಮೇಲೆ ಲೋ. ತೆಗೆಯುವಾಗ ಉಲ್ಟಾ. ಇಷ್ಟು ವರ್ಷ 'ಲೋ ಕೆಟ್ಟುಹೋಗಿದೆ' ಅಂತ ಎಷ್ಟು ಸಲ ಬೈದಿದ್ದೆನೋ. ಕೆಟ್ಟಿರಲಿಲ್ಲ. ಫ್ರಂಟ್ ಪೂರ್ತಿ ಬಿದ್ದಿರುತ್ತಿರಲಿಲ್ಲ.

ಈಗ ಹಳ್ಳದ ಈಚೆಗೇ, ಸಪಾಟು ಜಾಗದಲ್ಲಿ ನಿಲ್ಲಿಸುತ್ತೇನೆ. ಫ್ರಂಟ್ ಹಾಕಿ ನಾಲ್ಕು ಹೆಜ್ಜೆ ಮುಂದೆ ಹೋಗಿ ಬಿದ್ದದ್ದು ಖಾತ್ರಿ ಮಾಡಿಕೊಳ್ಳುತ್ತೇನೆ. ಪೂರ್ತಿ ನಿಂತು, ಗೇರ್ ನ್ಯೂಟ್ರಲ್ ಮಾಡಿ, ಕ್ಲಚ್ ತುಳಿದು ಮೂರು ಎಣಿಸಿ ಲೋ ಹಾಕುತ್ತೇನೆ. ಹಲ್ಲಿಗೆ ಹಲ್ಲು ಎದುರಾಗಿ ಬೀಳದಿದ್ದರೆ ಒತ್ತುವುದಿಲ್ಲ. ಒಂದನೇ ಗೇರ್ ಹಾಕಿ, ಕ್ಲಚ್ಚನ್ನು ಚೂರೇ ಚೂರು ಬಿಟ್ಟು ಮತ್ತೆ ತುಳಿದರೆ ಒಳಗಿನ ಗೇರ್ ಒಂಚೂರು ತಿರುಗಿರುತ್ತದೆ. ಆಗ ಬೀಳುತ್ತದೆ. ಹಳ್ಳ ದಾಟಿದ ಕೂಡಲೇ ಬ್ರೇಕನ್ನು ಎರಡು ಮೂರು ಸಲ ಒತ್ತಿ ಒಣಗಿಸಿಕೊಂಡು ಏರು ಹತ್ತುತ್ತೇನೆ. ಇಳಿಯುವಾಗಲೂ ಲೋದಲ್ಲೇ, ಒಂದನೇ ಗೇರ್, ಕ್ಲಚ್ ಮೇಲೆ ಕಾಲಿಲ್ಲ. ಎಂಜಿನ್ನೇ ಹಿಡಿದುಕೊಂಡು ಇಳಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಹೂತುಕೊಳ್ಳುವುದು ತಪ್ಪಿಲ್ಲ. ಫೋರ್ ವೀಲ್ ಅಂದಮಾತ್ರಕ್ಕೆ ನಾಲ್ಕೂ ಚಕ್ರ ದುಡಿಯುತ್ತವೆ ಅಂತಲ್ಲ. ಮುಂದೆ ಒಂದು, ಹಿಂದೆ ಒಂದು ಗಾಳಿಯಲ್ಲಿದ್ದರೆ ಅವೆರಡೇ ಸುತ್ತುತ್ತವೆ, ನೆಲದಲ್ಲಿದ್ದವು ಸುಮ್ನೆ ಇರುತ್ತವೆ. ಹೋದ ಮಳೆಗಾಲ ನಿಟ್ಟೂರು ಕಡೆಯ ಭಾವನ ಜೀಪು ಹೀಗೇ ಸಿಕ್ಕಿಕೊಂಡಿತ್ತು. ಫ್ರಂಟ್ ಹಾಕಿದ್ದೇನೆ ಅಂತ ಭಾವ ಆಣೆ ಮಾಡಿದರು. ಇಳಿದು ನೋಡಿದರೆ ಮುಂದಿನ ಚಕ್ರ ಒಂದೂ ಅಲುಗುತ್ತಿಲ್ಲ. ಅವರು ಹೊಸದಾಗಿ ಮುಂದಿನ ಚಕ್ರಕ್ಕೆ ಲಾಕ್ ಹಬ್, ಅಂದರೆ ಚಕ್ರವನ್ನು ಆಕ್ಸಲಿಗೆ ಕೂಡಿಸುವ, ಬಿಡಿಸುವ ಕೊಂಡಿ, ಹಾಕಿಸಿದ್ದರು. ಅದನ್ನು ಇಳಿದು ಕೈಯಲ್ಲೇ ತಿರುಗಿಸಿ ಲಾಕ್ ಮಾಡಬೇಕು, ಎರಡೂ ಕಡೆ. ಮೊಣಕಾಲುದ್ದ ಕೆಸರಿನಲ್ಲಿ ಕೈ ಹಾಕಿ ತಿರುಗಿಸಿದೆ. ಭಾವ ಸೀಟಿನಿಂದ ಇಳಿಯಲಿಲ್ಲ, ಹೊಸ ಪಂಚೆಯಂತೆ.