ಬ್ಯಾಕಪ್ ಇದೆ ಸಾರ್ ಅಂದ್ರೆ ಸಾಲದು: ರ‍್ಯಾನ್ಸಮ್‌ವೇರ್ ತಡೆಯಲು ಏನೇನು ಮಾಡಬೇಕು?

ಸಹಕಾರ ಸಂಘ, ನರ್ಸಿಂಗ್ ಹೋಂ, ಕಾಲೇಜು ಆಫೀಸು, ಎಲ್ಲಿ ಕೇಳಿದರೂ ಒಂದೇ ಉತ್ತರ: 'ಬ್ಯಾಕಪ್ ಇದೆ ಸಾರ್.' ಎಲ್ಲಿದೆ ಅಂತ ಕೇಳಿ ನೋಡಿ. ಸರ್ವರ್‌ಗೇ ಸಿಕ್ಕಿಸಿದ ಹಾರ್ಡ್‌ಡಿಸ್ಕ್ ತೋರಿಸುತ್ತಾರೆ. ರ‍್ಯಾನ್ಸಮ್‌ವೇರ್ ಅಂದರೆ ಫೈಲುಗಳಿಗೆ ಬೀಗ ಹಾಕಿ, ತೆಗೆಯಲು ದುಡ್ಡು ಕೇಳುವ ಸಾಫ್ಟ್‌ವೇರ್. ಅದನ್ನು ಬಿಡುವ ಈಗಿನ ಕಳ್ಳರು ಒಳಗೆ ಬಂದ ತಕ್ಷಣ ಬೀಗ ಹಾಕುವುದಿಲ್ಲ. ಸದ್ದಿಲ್ಲದೆ ಓಡಾಡಿ, ಅಡ್ಮಿನ್ ಪಾಸ್‌ವರ್ಡ್ ಹುಡುಕಿ, ಡೇಟಾ ಕದ್ದು, ಬ್ಯಾಕಪ್ಪನ್ನೂ ಅಳಿಸಿ, ಆಮೇಲೆ ರಾತ್ರಿಯೋ ರಜೆಯೋ ನೋಡಿಕೊಂಡು ಬೀಗ ಜಡಿಯುತ್ತಾರೆ.

ಹಾಗಾಗಿ ಮೊದಲು ಬ್ಯಾಕಪ್ ಸರಿ ಮಾಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಒಂದಾದರೂ ನೆಟ್‌ವರ್ಕಿಗೆ ತಾಗಿರಬಾರದು, ಇದು ಮುಖ್ಯ. 2017ರಲ್ಲಿ ರ‍್ಯಾನ್ಸಮ್‌ವೇರ್ ವೇಷ ಹಾಕಿಕೊಂಡು ಬಂದ ನಾಟ್‌ಪೆಟ್ಯಾ, ಹಡಗು ಕಂಪನಿ ಮಾರ್ಸ್ಕ್‌ನ ಡೊಮೇನ್ ಕಂಟ್ರೋಲರ್‌ಗಳನ್ನು, ಅಂದರೆ ಯಾರು ಎಲ್ಲಿ ಲಾಗಿನ್ ಆಗಬಹುದು ಅಂತ ತೀರ್ಮಾನಿಸುವ ಸರ್ವರ್‌ಗಳನ್ನು, ಸಾಲಾಗಿ ಅಳಿಸುತ್ತಾ ಹೋಯಿತು. ಉಳಿದದ್ದು ಘಾನಾದ ಒಂದೇ ಒಂದು. ಅಲ್ಲಿ ಆಗ ಕರೆಂಟ್ ಹೋಗಿತ್ತು! ನಮ್ಮಲ್ಲಿ ಯುಪಿಎಸ್ ಇದೆ, ಆ ಅದೃಷ್ಟವೂ ಇಲ್ಲ. ಬ್ಯಾಕಪ್ ಮುಗಿದ ಮೇಲೆ ನಾವೇ ಕೇಬಲ್ ಕಿತ್ತಿಡಬೇಕು.

ಇನ್ನು ಪರೀಕ್ಷೆ. ಮೂರು ತಿಂಗಳ ಹಿಂದಿನ ಟ್ಯಾಲಿ ಡೇಟಾ ತೆಗೆದು ಬೇರೆ ಕಂಪ್ಯೂಟರಿನಲ್ಲಿ ಹಾಕಿ. ತೆರೆಯುತ್ತಾ? ಬ್ಯಾಲೆನ್ಸ್ ತಾಳೆಯಾಗುತ್ತಾ? ಎಷ್ಟು ಹೊತ್ತು ಹಿಡಿಯಿತು? ಇದನ್ನು ಯಾರೂ ಮಾಡುವುದಿಲ್ಲ.

ಆಮೇಲೆ ಬಾಗಿಲುಗಳು. ಅಕೌಂಟೆಂಟ್ ಮನೆಯಿಂದ ಕೆಲಸ ಮಾಡಲಿ ಅಂತ ಎಂದೋ ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪ್ ಇದ್ದರೆ ಇವತ್ತೇ ಮುಚ್ಚಿ. ಕೆಲಸ ಬಿಟ್ಟವರ ಲಾಗಿನ್ ತೆಗೆಯಿರಿ. 2021ರಲ್ಲಿ ಅಮೆರಿಕದ ಇಂಧನ ಸಾಗಿಸುವ ಕಂಪನಿ ಕಲೋನಿಯಲ್ ಪೈಪ್‌ಲೈನ್‌ಗೆ ಕಳ್ಳರು ನುಗ್ಗಿದ್ದು ಯಾರೂ ಬಳಸದೆ ಬಿದ್ದಿದ್ದ ವಿಪಿಎನ್ ಖಾತೆಯಿಂದ, ಅಂದರೆ ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಸೇರುವ ಲಾಗಿನ್‌ನಿಂದ. ಪಾಸ್‌ವರ್ಡ್ ಸೋರಿತ್ತು, ಓಟಿಪಿಯಂಥ ಎರಡನೇ ತಪಾಸಣೆ ಇರಲಿಲ್ಲ. ಕಂಪನಿ ಸುಮಾರು 44 ಲಕ್ಷ ಡಾಲರ್ ಕಕ್ಕಿತು.

ಅಪ್‌ಡೇಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಬಂದದ್ದು 2017ರ ಮೇನಲ್ಲಿ, ಅದು ನುಗ್ಗಿದ ತೂತು ಮುಚ್ಚುವ ಪ್ಯಾಚನ್ನು, ಅಂದರೆ ಅಪ್‌ಡೇಟನ್ನು, ಮೈಕ್ರೋಸಾಫ್ಟ್ ಕೊಟ್ಟದ್ದು ಮಾರ್ಚ್‌ನಲ್ಲೇ.

ಸಾಫ್ಟ್‌ವೇರ್ ಕೊಟ್ಟವರನ್ನೂ ವಿಚಾರಿಸಿ. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಒದಗಿಸುವ ಸಿ-ಎಡ್ಜ್ ಎಂಬ ಒಂದು ಕಂಪನಿಗೆ ಏಟು ಬಿದ್ದದ್ದಕ್ಕೆ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳಲ್ಲಿ ಹಣ ಪಾವತಿ ನಿಂತಿತ್ತು. ಬ್ಯಾಂಕಿನವರ ತಪ್ಪೇನೂ ಇಲ್ಲ, ಅಲ್ವಾ?

ಇಷ್ಟಾದರೂ ಬೀಗ ಬಿತ್ತು ಅಂದ್ಕೊಳ್ಳಿ. ಲ್ಯಾನ್ ಕೇಬಲ್ ಕಿತ್ತು ವೈಫೈ ಆರಿಸಿ, ಆದರೆ ಕಂಪ್ಯೂಟರ್ ಆಫ್ ಮಾಡಬೇಡಿ, ಮೆಮೊರಿಯಲ್ಲಿರುವ ಸುಳಿವು ಅಳಿಸಿಹೋಗುತ್ತದೆ. ಗಾಬರಿಯಲ್ಲಿ ಫಾರ್ಮ್ಯಾಟ್ ಹೊಡೆಯಬೇಡಿ. ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಇದು 2022ರ ನಿಯಮ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ದುಡ್ಡು ಕೊಡುವ ಮಾತು ಬಂದರೆ ಮೊದಲು 'ನೋ ಮೋರ್ ರ‍್ಯಾನ್ಸಮ್' ತಾಣ ನೋಡಿ, ಕೆಲವು ಹಳೆಯ ಬೀಗಗಳಿಗೆ ಅಲ್ಲಿ ಪುಕ್ಕಟೆ ಕೀಲಿಗಳಿವೆ. ಅಂದಹಾಗೆ, ಈ ನಂಬರುಗಳನ್ನೆಲ್ಲ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಕಂಪ್ಯೂಟರಿನಲ್ಲಿಟ್ಟರೆ ಅದಕ್ಕೂ ಬೀಗ ಬಿದ್ದಿರುತ್ತದೆ.