ಸೋತ ಪಂದ್ಯದ ಫಿಲ್ಮ್ ಮೊದಲು: ಒಬ್ಬ ಕ್ವಾರ್ಟರ್‌ಬ್ಯಾಕ್ ಹುಡುಗನನ್ನು ಅಳೆದ ಅನುಭವ

ಓಹಾಯೋದ ಒಂದು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ರಿಕ್ರೂಟಿಂಗ್ ವಿಭಾಗದಲ್ಲಿ ನನ್ನ ಕೆಲಸ. ಹೈಸ್ಕೂಲ್ ಹುಡುಗರ ಪಂದ್ಯಗಳ ಫಿಲ್ಮ್ ನೋಡುವುದು, ವರದಿ ಬರೆಯುವುದು. ದಾವಣಗೆರೆಯಿಂದ ಸ್ಟ್ಯಾಟಿಸ್ಟಿಕ್ಸ್ ಓದಲು ಬಂದವನು ಪಾರ್ಟ್ ಟೈಮ್ ಕೆಲಸ ಹುಡುಕುತ್ತಾ ಈ ಆಫೀಸಿಗೆ ಸೇರಿಕೊಂಡೆ, ಇಲ್ಲೇ ಉಳಿದುಬಿಟ್ಟೆ. ‘ಆಟ ನೋಡೋದಕ್ಕೂ ಸಂಬಳ ಕೊಡ್ತಾರಾ?’ ಅಂತ ಅಪ್ಪ ಈಗಲೂ ಕೇಳುತ್ತಾರೆ. ಕೊಡುತ್ತಾರೆ, ಜಾಸ್ತಿ ಏನಲ್ಲ.

ಕಳೆದ ಡಿಸೆಂಬರ್‌ನಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ನಮ್ಮ ತಂಡಕ್ಕೆ ಸಹಿ ಹಾಕಿದ. ಅವನ ಫೈಲ್ ನನ್ನ ಮೇಜಿನ ಮೇಲೆ ತುಂಬಾ ದಿನ ಇತ್ತು. ಹೆಸರು ಬೇಡ, ಇನ್ನೂ ಚಿಕ್ಕ ಹುಡುಗ.

ಈ ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಒಂದು ತಂಡದಲ್ಲಿ 11 ಜನ. 10 ಗಜ ಮುಂದಕ್ಕೆ ಹೋಗಲು 4 ಅವಕಾಶ. ಹೆಚ್ಚು ಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಪಕ್ಕದವನಿಗೆ ಕೊಡುವುದೋ, ಎಸೆಯುವುದೋ, ತಾನೇ ಓಡುವುದೋ ಅಂತ ಅವನು ಎರಡೂವರೆ ಸೆಕೆಂಡಿನ ಆಸುಪಾಸಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ಅವನಿಗಿಂತ ಎಷ್ಟೋ ದಪ್ಪ ಇರುವ ನಾಲ್ಕು ಜನ ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ.

ಇಂಥ ಹುಡುಗನನ್ನು ಅಳೆಯುವಾಗ ನನಗೆ ಮುಖ್ಯವಾದ ಪ್ರಶ್ನೆ ಒಂದೇ. ತೆರೆಯ ಮೇಲೆ ಕಾಣುವುದರಲ್ಲಿ ಅವನು ಮಾಡಿದ್ದೆಷ್ಟು, ಅವನ ತಂಡ ಮಾಡಿಕೊಟ್ಟಿದ್ದೆಷ್ಟು? ಸ್ಕೂಲ್ ಟೂರ್ನಿಯಲ್ಲಿ ಮ್ಯಾಟ್ ಪಿಚ್ ಮೇಲೆ, 30 ಗಜದ ಬೌಂಡರಿ ಇಟ್ಟುಕೊಂಡು ಹೊಡೆದ ಡಬಲ್ ಸೆಂಚುರಿಯನ್ನು ಎಷ್ಟು ನಂಬುತ್ತೀರಿ? ಪೂರ್ತಿ ನಂಬುವ ಹಾಗಿಲ್ಲ, ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಇಲ್ಲೂ ಹಾಗೇ.

ಸ್ಟಾರ್ ರೇಟಿಂಗ್ ಇದೆಯಲ್ಲ ಅಂತ ಕೇಳಬಹುದು. ಹೈಸ್ಕೂಲ್ ಆಟಗಾರರಿಗೆ ರೇಟಿಂಗ್ ಕೊಡುವ ವೆಬ್‌ಸೈಟ್ 247ಸ್ಪೋರ್ಟ್ಸ್‌ನವರು ವರ್ಷಕ್ಕೆ ಸುಮಾರು 32 ಹುಡುಗರಿಗಷ್ಟೇ ಐದು ಸ್ಟಾರ್ ಕೊಡುತ್ತಾರೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ 32 ಆಯ್ಕೆ, ಅದೇ ಲೆಕ್ಕ. ಆ ಹುಡುಗರು ನಮ್ಮಂಥ ತಂಡದ ಫೋನ್ ಎತ್ತುವುದೂ ಇಲ್ಲ. ನಮಗೆ ಸಿಗುವುದು ಎರಡು, ಮೂರು ಸ್ಟಾರ್‌ನವರು. ಒಮ್ಮೊಮ್ಮೆ ಸ್ಟಾರೇ ಇಲ್ಲದವರು. 2025ರ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ ಹೈಸ್ಕೂಲ್ ಮುಗಿಸಿದಾಗ ಅಂಥವನೇ. ಟೆಕ್ಸಾಸ್‌ನ ಅವನ ಶಾಲೆ ಆಡುತ್ತಿದ್ದದ್ದು ವಿಂಗ್-ಟಿ ಆಟ. ಓಡುವುದೇ ಹೆಚ್ಚು, ಎಸೆತ ಕಡಿಮೆ. ಫಿಲ್ಮಿನಲ್ಲಿ ಎಸೆತವೇ ಇಲ್ಲದಿದ್ದರೆ ಯಾರಿಗೆ ಕಾಣಬೇಕು? ಇನ್‌ಕಾರ್ನೇಟ್ ವರ್ಡ್ ಎಂಬ ಚಿಕ್ಕ ಕಾಲೇಜು ಅವನನ್ನು ಕರೆದುಕೊಂಡಿತು. ನಮ್ಮ ಓಹಾಯೋದ ಫಿಂಡ್ಲೇ ಊರಿನ ಬೆನ್ ರಾತ್ಲಿಸ್‌ಬರ್ಗರ್ ಕೂಡ ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ್ದು ಕೊನೆಯ ವರ್ಷ ಮಾತ್ರ. ಅದಕ್ಕೆ ಮುಂಚೆ ಚೆಂಡು ಹಿಡಿಯುವ ರಿಸೀವರ್. ಆಮೇಲೆ ಮಯಾಮಿ ಆಫ್ ಓಹಾಯೋ ಎಂಬ ಕಾಲೇಜು ಸೇರಿದ, 2004ರ ಡ್ರಾಫ್ಟಿನಲ್ಲಿ 11ನೆಯವನಾಗಿ ಆಯ್ಕೆಯಾದ. ಅಂದರೆ ಸ್ಟಾರ್ ಹೇಳುವುದು ಯಾರು ಎಷ್ಟು ಕಂಡಿದ್ದಾರೆ ಅನ್ನುವುದನ್ನೂ ಹೌದು, ಎಷ್ಟು ಚೆನ್ನಾಗಿದ್ದಾರೆ ಅನ್ನುವುದನ್ನಷ್ಟೇ ಅಲ್ಲ.

ನಮ್ಮ ಹುಡುಗನ ಮಾತಿಗೆ ಬರೋಣ. ಮೊದಲು ಬಂದದ್ದು ಹೈಲೈಟ್ ವಿಡಿಯೋ. ಜೋರು ಹಾಡು, ಅವನ ಸುತ್ತ ಒಂದು ಕೆಂಪು ವೃತ್ತ, ಎಸೆದದ್ದೆಲ್ಲ ಟಚ್‌ಡೌನ್ (ಚೆಂಡು ಎದುರಾಳಿಯ ಗೋಲು ಗೆರೆ ದಾಟಿ ಅಂಕ ಸಿಗುವುದು). ಇದನ್ನು ಒಮ್ಮೆ ನೋಡಿ ಮುಚ್ಚುತ್ತೇನೆ. ಕೈಯಲ್ಲಿ ಕಸುವಿದೆಯಾ ಅನ್ನುವುದಷ್ಟೇ ಇದರಿಂದ ಗೊತ್ತಾಗುತ್ತದೆ. ಆಮೇಲೆ ಅವನ ಕೋಚ್‌ಗೆ ಹೇಳಿ ಹಡಲ್ ಎಂಬ ವಿಡಿಯೋ ಸೈಟಿನಿಂದ ಪೂರ್ತಿ ಪಂದ್ಯಗಳ ಫಿಲ್ಮ್ ತರಿಸುತ್ತೇನೆ. ಪಕ್ಕದಿಂದ ತೆಗೆದದ್ದು ಒಂದು, ಮೈದಾನದ ತುದಿಯ ಎಂಡ್ ಝೋನ್ ಹಿಂದಿನಿಂದ ತೆಗೆದದ್ದು ಇನ್ನೊಂದು. ಎರಡೂ ಬೇಕು. ಪಕ್ಕದಿಂದ ನೋಡಿದರೆ ಚೆಂಡು ಎಲ್ಲಿಗೆ ಹೋಯಿತು ಅಂತ ತಿಳಿಯುತ್ತದೆ. ಹಿಂದಿನಿಂದ ನೋಡಿದರೆ ಅವನ ತಲೆ ಯಾವ ಕಡೆಗೆ ತಿರುಗಿತ್ತು ಅಂತ ಕಾಣುತ್ತದೆ. ನನಗೆ ಎರಡನೆಯದೇ ಹೆಚ್ಚು ಮುಖ್ಯ.

ಮೊದಲು ನೋಡುವುದು ಸೋತ ಪಂದ್ಯ. ಗೆದ್ದ ಪಂದ್ಯದಲ್ಲಿ ಎಲ್ಲರೂ ಚೆನ್ನಾಗಿ ಕಾಣುತ್ತಾರೆ. ಹೈಸ್ಕೂಲ್ ಮಟ್ಟದಲ್ಲಿ ಗೆಲುವೆಂದರೆ ಎಷ್ಟೋ ಸಲ 42–7ರ ಗೆಲುವು. ಅವನ ಮುಂದಿನ ಸಾಲಿನ ಹುಡುಗರು ಎದುರಾಳಿಗಿಂತ ದಪ್ಪ ಇರುತ್ತಾರೆ, ಅವನಿಗೆ ನಾಲ್ಕು ಸೆಕೆಂಡು ಪುರುಸೊತ್ತು ಸಿಗುತ್ತದೆ. ಕಾಲೇಜಿನಲ್ಲಿ ಅದು ಸಿಗುವುದಿಲ್ಲ.

ಈ ಹುಡುಗ ಸೋತದ್ದು ನವೆಂಬರ್‌ನ ಪ್ಲೇಆಫ್‌ನಲ್ಲಿ, ಮಳೆಯಲ್ಲಿ, ಸೈಜಿನಲ್ಲೂ ವೇಗದಲ್ಲೂ ಮುಂದಿದ್ದ ತಂಡದ ಎದುರು. ನನಗೆ ಬೇಕಾದ್ದು ಅಂಥದ್ದೇ.

ಒಂದು ಹಾಳೆ ಮಾಡಿಕೊಂಡಿದ್ದೇನೆ. ಪ್ರತಿ ಎಸೆತಕ್ಕೂ ಒಂದು ಸಾಲು. ಸ್ನ್ಯಾಪ್‌ಗೆ (ಚೆಂಡು ಅವನ ಕೈಗೆ ಬಂದು ಆಟ ಶುರುವಾಗುವ ಕ್ಷಣ) ಮುಂಚೆ ಎದುರಾಳಿಯ ಸೇಫ್ಟಿಗಳು, ಅಂದರೆ ಎಲ್ಲರಿಗಿಂತ ಹಿಂದೆ ನಿಂತು ಕಾಯುವವರು, ಎಷ್ಟು ಜನ? ಒಬ್ಬನಾ, ಇಬ್ಬರಾ? ಸ್ನ್ಯಾಪ್ ಆದ ಮೇಲೆ ಅದು ಬದಲಾಯಿತಾ, ಹುಡುಗ ಅದನ್ನು ಗಮನಿಸಿದನಾ? ಮೊದಲ ರಿಸೀವರ್‌ಗೇ ಎಸೆದನಾ, ಎರಡನೆಯವನಿಗಾ? ಎಸೆಯುವಾಗ ಕಾಲು ಸರಿಯಾಗಿ ನೆಲದ ಮೇಲಿತ್ತಾ? ಚೆಂಡು ರಿಸೀವರ್‌ನ ಯಾವ ಭುಜದ ಕಡೆ ಬಿತ್ತು? ಹಿಡಿದನೋ ಬಿಟ್ಟನೋ ಅನ್ನುವುದು ಕೊನೆಯ ಕಾಲಂ. ಬಿಟ್ಟರೆ ಅದು ಎಸೆದವನ ತಪ್ಪಲ್ಲ, ಅಲ್ವಾ? ಆದರೆ ಸ್ಕೋರ್‌ಶೀಟಿನಲ್ಲಿ ಅದೂ ಅವನ ಲೆಕ್ಕಕ್ಕೇ ಬರುತ್ತದೆ.

ಸ್ಕ್ರೀನ್ ಪಾಸ್‌ಗಳನ್ನು ಬೇರೆ ಇಡುತ್ತೇನೆ. ಪಕ್ಕದಲ್ಲಿ ನಿಂತವನಿಗೆ ಸುಮ್ನೆ ಎಸೆದುಕೊಟ್ಟ ಚೆಂಡು 60 ಗಜ ಹೋಗಿ ಟಚ್‌ಡೌನ್ ಆದರೆ, ಆ 60 ಗಜವೂ ಕ್ವಾರ್ಟರ್‌ಬ್ಯಾಕ್ ಖಾತೆಗೆ ಸೇರುತ್ತದೆ. ಇವನ ಟೀಮ್ ಸ್ಕ್ರೀನ್ ಬಹಳ ಆಡುತ್ತಿತ್ತು. ಅವನ್ನು ತೆಗೆದು ನೋಡಿದಾಗ ರಿಸೀವರ್ ಕೈಗೆ ಸೇರಿದ ಎಸೆತಗಳ ಶೇಕಡಾವಾರು ಲೆಕ್ಕ ಸಾಕಷ್ಟು ಕೆಳಗಿಳಿಯಿತು. ಇಳಿದದ್ದಕ್ಕೆ ಬೇಜಾರಿಲ್ಲ. ಉಳಿದ ಎಸೆತಗಳು ಹೇಗಿದ್ದವು ಅನ್ನುವುದು ನನಗೆ ಬೇಕಿತ್ತು.

ಅವುಗಳಲ್ಲಿ ನಾನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದ್ದು ಒಂದು ಬಗೆಯ ಎಸೆತವನ್ನು. ಮೈದಾನದ ಅಗಲ 160 ಅಡಿ. ಅದರ ನಡುವೆ ಹ್ಯಾಶ್ ಎಂಬ ಎರಡು ಸಾಲು ಗುರುತು ಇರುತ್ತವೆ. ಚೆಂಡು ಬದಿಗೆ ಹೋಗಿ ನಿಂತರೆ ಮುಂದಿನ ಆಟ ಹತ್ತಿರದ ಹ್ಯಾಶ್‌ನಿಂದ ಶುರುವಾಗುತ್ತದೆ. ಎನ್‌ಎಫ್‌ಎಲ್‌ನಲ್ಲಿ ಈ ಎರಡು ಸಾಲುಗಳ ನಡುವೆ 18 ಅಡಿ 6 ಇಂಚು, ಕಾಲೇಜಿನಲ್ಲಿ 40 ಅಡಿ, ಹೈಸ್ಕೂಲ್‌ನಲ್ಲಿ 53 ಅಡಿ 4 ಇಂಚು. ಹಾಗಾಗಿ ಹೈಸ್ಕೂಲ್ ಹುಡುಗ ಒಂದು ಹ್ಯಾಶ್‌ನಲ್ಲಿ ನಿಂತರೆ ಆಚೆ ಕಡೆಯ ಗೆರೆಗೆ ನೂರು ಅಡಿಗೂ ಜಾಸ್ತಿ ದೂರ. ಅಲ್ಲಿಂದ ಆ ಬದಿಗೆ ಹನ್ನೆರಡು ಗಜದ ಔಟ್ (ಮುಂದೆ ಓಡಿ ಬದಿಯ ಗೆರೆಯತ್ತ ತಿರುಗುವ ರಿಸೀವರ್‌ಗೆ ಎಸೆತ) ಎಸೆಯಲಿ ನೋಡೋಣ. ಲೆಕ್ಕದಲ್ಲಿ ಸಿಗುವುದು ಹನ್ನೆರಡು ಗಜ, ಆದರೆ ಚೆಂಡು ಗಾಳಿಯಲ್ಲಿ ಹೋಗಬೇಕಾದ್ದು 35 ಗಜಕ್ಕೂ ಹೆಚ್ಚು. ನಿಧಾನವಾಗಿ ತೇಲಿದರೆ ರಿಸೀವರ್‌ನನ್ನು ಕಾಯುವ ಎದುರಾಳಿ, ಅಂದರೆ ಕಾರ್ನರ್, ಬಂದು ಕಿತ್ತುಕೊಂಡು ಆಚೆ ಓಡುತ್ತಾನೆ. ಕೈ ಶಕ್ತಿಯನ್ನು ನಾನು ಅಳೆಯುವುದು 60 ಗಜದ ಉದ್ದ ಎಸೆತದಲ್ಲಿ ಅಲ್ಲ, ಇದರಲ್ಲಿ. ಉದ್ದಕ್ಕೆ ಎಸೆಯುವವರು ಬೇಕಾದಷ್ಟು ಜನ ಇದ್ದಾರೆ.

ಈ ಹುಡುಗ ಮಳೆಯಲ್ಲೂ ಅದನ್ನು ಎಸೆದ. ಒಂದೆರಡು ಸಲ ತಡವಾಯಿತು, ಆದರೆ ಚೆಂಡು ನೇರವಾಗಿ, ರೊಯ್ಯನೆ ಹೋಯಿತು.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ಕೂರಿಸಿದ್ದು ಮೂರನೇ ಕ್ವಾರ್ಟರ್‌ನ ಒಂದು ಆಟ. ಅವನನ್ನು ಕಾಯುವ ಮುಂದಿನ ಸಾಲಿನ ಬಲಗಡೆಯ ಟ್ಯಾಕಲ್ ಪೂರ್ತಿ ಸೋತುಹೋದ, ಎದುರಾಳಿ ಸೀದಾ ಒಳಗೆ ಬಂದ. ಹೈಸ್ಕೂಲ್ ಹುಡುಗರು ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಹಿಂದಕ್ಕೆ ಓಡುತ್ತಾರೆ, ಇಲ್ಲವೇ ತಲೆ ತಗ್ಗಿಸಿ ನುಗ್ಗುತ್ತಾರೆ. ಇವನು ಎರಡು ಹೆಜ್ಜೆ ಮುಂದಕ್ಕೆ, ಆ ಸಾಲಿನವರು ಕಾಯುವ ಜಾಗದ, ಅಂದರೆ ಪಾಕೆಟ್‌ನ, ಒಳಗೇ ಸರಿದ. ಕಣ್ಣು ದೂರದ ರಿಸೀವರ್‌ಗಳ ಮೇಲೇ ಇತ್ತು. ಎಸೆದ ಚೆಂಡನ್ನು ರಿಸೀವರ್ ಕೈಚೆಲ್ಲಿದ. ಸ್ಕೋರ್‌ಶೀಟ್ ಪ್ರಕಾರ ಅದು ವ್ಯರ್ಥ ಎಸೆತ. ನನ್ನ ಹಾಳೆಯಲ್ಲಿ ಆ ಪಂದ್ಯದ ಅತ್ಯುತ್ತಮ ಸಾಲು ಅದೇ.

ಕೊರತೆಗಳೂ ಇದ್ದವು. ಎರಡನೇ ರಿಸೀವರ್ ಕಡೆ ನೋಡಿದ್ದು ಬಹಳ ಕಡಿಮೆ. ಅವನ ಶಾಲೆಯ ಆಟದಲ್ಲಿ ಹಾಗೆ ನೋಡುವ ಅಗತ್ಯವೇ ಇರಲಿಲ್ಲ. ಸೈಡ್‌ಲೈನ್‌ನಿಂದ ಸನ್ನೆ ಬರುತ್ತದೆ, ಅರ್ಧ ಮೈದಾನ ನೋಡುತ್ತಾನೆ, ಎಸೆಯುತ್ತಾನೆ. ಅಷ್ಟೇ. ಇದನ್ನು ‘ಬರುವುದಿಲ್ಲ’ ಅಂತ ಬರೆಯಲಾ, ‘ಯಾರೂ ಕೇಳಿಲ್ಲ’ ಅಂತ ಬರೆಯಲಾ? ಫಿಲ್ಮ್ ಅಲ್ಲಿಗೆ ನಿಂತುಬಿಡುತ್ತದೆ. ಇನ್ನೊಂದು, ಒತ್ತಡ ಬಂದಾಗ ಮೈ ಹಿಂದಕ್ಕೆ ವಾಲುತ್ತಿತ್ತು, ಚೆಂಡು ಮೇಲೆ ಹೋಗುತ್ತಿತ್ತು. ಅದು ಕಾಲಿನ ಸಮಸ್ಯೆ, ತಿದ್ದಬಹುದು.

ನಾನು ಹೋಗಿ ಅವನ ಪಂದ್ಯ ನೋಡಬಹುದಿತ್ತಲ್ಲ ಅಂತ ಕನ್ನಡ ಕೂಟದ ಗೆಳೆಯರು ಕೇಳುತ್ತಾರೆ. ಆಗುವುದಿಲ್ಲ. ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ನಿಯಮದ ಪ್ರಕಾರ ಕ್ಯಾಂಪಸ್ ಹೊರಗೆ ಹೋಗಿ ಹುಡುಗರನ್ನು ನೋಡುವ ಹಕ್ಕು ಗೊತ್ತುಪಡಿಸಿದ ಕೋಚ್‌ಗಳಿಗೆ ಮಾತ್ರ, ಅದೂ ಕ್ಯಾಲೆಂಡರ್ ಹೇಳಿದ ವಾರಗಳಲ್ಲಿ. ನನ್ನಂಥವರು ಕಾಯಬೇಕು, ಹುಡುಗ ನಮ್ಮಲ್ಲಿಗೆ ಬರಬೇಕು. ಜೂನ್‌ನ ಕ್ಯಾಂಪಿಗೆ ಅವನು ಬಂದ.

ಕ್ಯಾಂಪಿನಲ್ಲಿ ಎತ್ತರ ಅಳೆದೆವು. ಶಾಲೆಯ ಪಟ್ಟಿಯಲ್ಲಿ ಇದ್ದದ್ದಕ್ಕಿಂತ ಒಂದು ಇಂಚು ಕಡಿಮೆ. ಹೀಗಾಗದಿದ್ದರೆ ಆಶ್ಚರ್ಯಪಡಬೇಕು. ಬೆರಳು ಅಗಲಿಸಿ, ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ ಅಂಗೈಯನ್ನೂ ಅಳೆಯುತ್ತಾರೆ. ಓಹಾಯೋದ ನವೆಂಬರ್‌ನಲ್ಲಿ ಒದ್ದೆ ಚೆಂಡು ಹಿಡಿಯಲು ದೊಡ್ಡ ಕೈ ಇದ್ದರೆ ಒಳ್ಳೆಯದೇ. ಆದರೆ ಇದೇ ಓಹಾಯೋದಲ್ಲಿ ಬೆಳೆದ ಕ್ವಾರ್ಟರ್‌ಬ್ಯಾಕ್ ಜೋ ಬರೋ ಕೈ 9 ಇಂಚು, ಚಿಕ್ಕದು ಅಂತ 2020ರಲ್ಲಿ ದೊಡ್ಡ ಗಲಾಟೆಯೇ ಆಯಿತು. ಹಿಂದಿನ ವರ್ಷ ಅದೇ ಕೈಯಿಂದ ಎಲ್‌ಎಸ್‌ಯು ಕಾಲೇಜಿಗೆ 60 ಟಚ್‌ಡೌನ್ ಎಸೆದಿದ್ದ. ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಹೋದ. ಹಾಗಾಗಿ ಅಂಗೈ ಅಳತೆಯನ್ನು ಬರೆದುಕೊಳ್ಳುತ್ತೇನೆ, ಅದರ ಮೇಲೆ ತೀರ್ಮಾನ ಮಾಡುವುದಿಲ್ಲ.

ಕ್ಯಾಂಪಿನ ಎಸೆತಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಎದುರಾಳಿ ಇಲ್ಲದೆ, ಚಡ್ಡಿ ಟೀಶರ್ಟಿನಲ್ಲಿ ಎಲ್ಲರೂ ಚೆನ್ನಾಗಿ ಎಸೆಯುತ್ತಾರೆ.

ಸರಿಯಾಗಿ ಅಳೆಯಲು ಆದದ್ದು ಆಮೇಲೆ, ಅವನು ತಂದೆತಾಯಿ ಜೊತೆ ಅಧಿಕೃತ ಭೇಟಿಗೆ ಬಂದಾಗ. ಬೆಳಿಗ್ಗೆ ಕ್ವಾರ್ಟರ್‌ಬ್ಯಾಕ್ ಕೋಚ್ ಅವನನ್ನು ಬೋರ್ಡ್ ಮುಂದೆ ನಿಲ್ಲಿಸಿ ನಮ್ಮ ಎರಡು ಆಟಗಳನ್ನು ಹೇಳಿಕೊಟ್ಟರು. ನಮ್ಮ ಹೆಸರು, ನಮ್ಮ ಸಂಕೇತ, ಮೂವರು ರಿಸೀವರ್‌ಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಎಲ್ಲ. ಆಮೇಲೆ ಊಟ, ಹಾಸ್ಟೆಲ್ ನೋಡುವುದು, ಸ್ಟೇಡಿಯಂನಲ್ಲಿ ಫೋಟೋ. ಸಂಜೆ ಯಾವ ಮುನ್ಸೂಚನೆಯೂ ಇಲ್ಲದೆ ಮತ್ತೆ ಬೋರ್ಡ್ ಹತ್ತಿರ ಕರೆದು ಮಾರ್ಕರ್ ಕೊಟ್ಟರು. ಒಂದನ್ನು ಪೂರ್ತಿ ಬರೆದ. ಇನ್ನೊಂದರಲ್ಲಿ ಒಬ್ಬ ರಿಸೀವರ್‌ನ ದಾರಿ ಮರೆತ. ‘ಇದು ನೆನಪಿಲ್ಲ, ಆದರೆ ಇವನು ಇಲ್ಲಿ ನಿಂತರೆ ಮೂವರೂ ಒಂದೇ ಕಡೆ ಗುಂಪಾಗುತ್ತಾರೆ, ಆದ್ದರಿಂದ ಆಚೆ ಹೋಗಬೇಕು’ ಅಂದ. ಅದು ಸರಿಯಾಗಿತ್ತು. ಎರಡನೇ ರಿಸೀವರ್ ಬಗ್ಗೆ ನನಗಿದ್ದ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. ಕೇಳಿದರೆ ಯೋಚಿಸುತ್ತಾನೆ.

ಈ ಯೋಚನೆ ಈಗ ಯಾಕೆ ಜಾಸ್ತಿ ಬೇಕು ಅಂದರೆ, 2024ರಿಂದ ದೊಡ್ಡ ಕಾಲೇಜು ತಂಡಗಳ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್‌ನಲ್ಲಿ ಸ್ಪೀಕರ್ ಬಂದಿದೆ. ಕೋಚ್ ಕಿವಿಯಲ್ಲೇ ಮಾತಾಡಬಹುದು. ಆದರೆ ಮುಂದಿನ ಆಟ ಶುರುಮಾಡಲು ಇರುವ ಸಮಯ ತೋರಿಸುವ ಪ್ಲೇ ಕ್ಲಾಕಿನಲ್ಲಿ 15 ಸೆಕೆಂಡ್ ಉಳಿದಾಗ ಅದು ಕಟ್ ಆಗುತ್ತದೆ. ಆಮೇಲೆ ಎದುರಾಳಿ ಜಾಗ ಬದಲಿಸಿದರೆ ಕಿವಿಯಲ್ಲಿ ಯಾರೂ ಹೇಳುವುದಿಲ್ಲ.

ದುಡ್ಡಿನ ವಿಷಯ ಬಿಡಲಾಗುವುದಿಲ್ಲ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖವನ್ನು ಜಾಹೀರಾತಿನಂಥದ್ದಕ್ಕೆ ಕೊಟ್ಟು ಸಂಪಾದಿಸಬಹುದು. ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಕಾಲೇಜು ಬದಲಿಸುವುದೂ ಸಲೀಸು. ಹೀಗಿರುವಾಗ ಎರಡು ವರ್ಷ ಹೈಸ್ಕೂಲ್ ಹುಡುಗನನ್ನು ಬೆಳೆಸಿ ಯಾಕೆ ಬೇರೆಯವರಿಗೆ ಕೊಡಬೇಕು, ಬೆಳೆದವನನ್ನೇ ಪೋರ್ಟಲ್‌ನಿಂದ ತರೋಣ ಎನ್ನುವವರು ನಮ್ಮ ಆಫೀಸಿನಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಪೋರ್ಟಲ್‌ನಲ್ಲಿ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಬೆಲೆ ನಮ್ಮ ಕೈಗೆ ಎಟುಕುವುದಿಲ್ಲ. ಬೆಳೆಸದೆ ನಮಗೆ ಬೇರೆ ದಾರಿಯಿಲ್ಲ.

ವರದಿಯಲ್ಲಿ ‘ಮುಂದಿನ ಬರೋ’ ಥರದ ಮಾತು ಬರೆಯುವುದಿಲ್ಲ. ಅಂಥ ಹೋಲಿಕೆ ಓದಿದ ಕೋಚ್ ಫಿಲ್ಮಿನಲ್ಲಿ ಹುಡುಗನನ್ನು ಬಿಟ್ಟು ಬರೋನನ್ನೇ ಹುಡುಕಲು ಶುರುಮಾಡುತ್ತಾರೆ. ಇವನ ಬಗ್ಗೆ ಹೀಗೆ ಬರೆದೆ: ದೂರದ ಬದಿಗೆ ಎಸೆಯುವ ಕೈ ಈಗಲೇ ಇದೆ. ಒತ್ತಡದಲ್ಲಿ ಕಣ್ಣು ಕೆಳಗಿಳಿಯುವುದಿಲ್ಲ, ಇದನ್ನು ಕಲಿಸುವುದು ಕಷ್ಟ, ಇವನಿಗೆ ತಾನಾಗೇ ಬಂದಿದೆ. ಕಾಲು ಮತ್ತು ಎರಡನೇ ರಿಸೀವರ್, ಎರಡನ್ನೂ ಕಲಿಸಬೇಕು. ಮೊದಲ ವರ್ಷ ಆಡಿಸಬೇಡಿ. ನಾಲ್ಕು ಪಂದ್ಯದವರೆಗೆ ಆಡಿಸಿದರೂ, ಕಾಲೇಜಿನಲ್ಲಿ ಆಡಲು ಅವನಿಗಿರುವ ವರ್ಷಗಳಲ್ಲಿ ಆ ವರ್ಷ ಕಳೆದುಹೋಗದ ನಿಯಮ ಇದೆ, ಅಷ್ಟರಲ್ಲೇ ಮುಗಿಸಿ.

ತೀರ್ಮಾನ ನನ್ನದಲ್ಲ, ಹೆಡ್ ಕೋಚ್‌ದು. ಅವರು ಫಿಲ್ಮ್ ನೋಡಿ ಆಫರ್ ಕೊಟ್ಟರು.

ಹುಡುಗ ಜನವರಿಯಲ್ಲೇ ಸೇರಿದ. ವಸಂತದ ಅಭ್ಯಾಸದಲ್ಲಿ ಸರದಿಯಲ್ಲಿ ಮೂರನೆಯ ಕ್ವಾರ್ಟರ್‌ಬ್ಯಾಕ್. ಮೊದಲ ಕೆಲವು ದಿನ ಚೆಂಡು ಬರೀ ತಡವಾಗಿ ಹೋಗುತ್ತಿತ್ತು. ಹೈಸ್ಕೂಲ್‌ನಲ್ಲಿ ತೆರೆದೇ ಇರುತ್ತಿದ್ದ ಜಾಗ ಇಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚುತ್ತದೆ, ಎಲ್ಲ ಹೊಸಬರಿಗೂ ಇದೇ ಕಥೆ. ಅಭ್ಯಾಸದ ಫಿಲ್ಮಿಗೂ ನಾನು ಅದೇ ಹಾಳೆ ಬಳಸುತ್ತಿದ್ದೇನೆ. ಎರಡನೇ ರಿಸೀವರ್ ಕಾಲಂನಲ್ಲಿ ಗುರುತುಗಳು ಬೀಳತೊಡಗಿವೆ. ಮೈ ಹಿಂದಕ್ಕೆ ವಾಲುವುದು ಮಾತ್ರ ಹಾಗೇ ಇದೆ. ಕ್ವಾರ್ಟರ್‌ಬ್ಯಾಕ್ ಕೋಚ್ ಈಗ ದಿನಾ ಅಭ್ಯಾಸ ಮುಗಿದ ಮೇಲೆ ಅವನನ್ನು ಉಳಿಸಿಕೊಂಡು ಬರೀ ಕಾಲಿನ ಕೆಲಸ ಮಾಡಿಸುತ್ತಿದ್ದಾರೆ.