ಮೊದಲು ನೆಲ, ಆಮೇಲೆ ಡ್ಯಾನ್ಸು

ಬೆಂಗಳೂರು ಬಿಟ್ಟು ಚಿಕ್ಕಮಗಳೂರಿಗೆ ವಾಪಸ್ ಬಂದ ವರ್ಷ ನಾನು ಅಭ್ಯಾಸ ಮಾಡಿದ್ದು ಚಿಕ್ಕಪ್ಪನ ತೋಟದ ಕಾಫಿ ಕಣದಲ್ಲಿ. ಮಳೆ ನಿಂತಿತ್ತು, ಕೊಯ್ಲು ಇನ್ನೂ ಶುರುವಾಗಿರಲಿಲ್ಲ. ಕಣ ಖಾಲಿ. ಬಾಡಿಗೆ ಇಲ್ಲ, ನೋಡುವವರೂ ಇಲ್ಲ. ಇನ್ನೇನು ಬೇಕು ಅಂದುಕೊಂಡೆ. ಆರು ವಾರ ಆಗುವಷ್ಟರಲ್ಲಿ ಎರಡೂ ಕಾಲಿನ ಮುಂದಿನ ಮೂಳೆ ಮುಟ್ಟಿದರೆ ಜೀವ ಹೋಗುವಂಥ ನೋವು. ಸಿಮೆಂಟ್ ನೆಲ ಏಟನ್ನು ತಾನು ಒಂದಿಷ್ಟೂ ತಿನ್ನುವುದಿಲ್ಲ. ಹಾರಿ ಇಳಿದದ್ದೆಲ್ಲ ಕಾಲಿಗೇ ವಾಪಸ್. ಎರಡು ತಿಂಗಳು ಕುಣಿಯದೆ ಕೂತೆ.

ಆ ಎರಡು ತಿಂಗಳಲ್ಲಿ ಜಾಸ್ತಿ ಕೇಳಿದ ಪ್ರಶ್ನೆ, 'ನಿಂದು ಭರತನಾಟ್ಯನಾ, ಸಿನಿಮಾ ಡ್ಯಾನ್ಸಾ?' ಎರಡೂ ಅಲ್ಲ, ಕಂಟೆಂಪರರಿ, ಅಂದರೆ ಈ ಕಾಲದ ಹೊಸ ಬಗೆಯ ನೃತ್ಯ ಅಂದರೆ ಮುಖ ನೋಡುತ್ತಾರೆ. ಬೆಂಗಳೂರಿನಲ್ಲಿ ಈ ತೊಂದರೆ ಕಡಿಮೆ. ಅಲ್ಲಿ 1992ರಲ್ಲಿ ಶುರುವಾದ ಅಟ್ಟಕ್ಕಲರಿ ಇದೆ. ಕೇರಳದ ಸಮರಕಲೆ ಕಳರಿಪಯಟ್ಟು, ಭರತನಾಟ್ಯ, ಕಂಟೆಂಪರರಿ ಎಲ್ಲವನ್ನೂ ಒಂದೇ ಮೈಗೆ ಕಲಿಸುವ ಜಾಗ ಅಂತ ನೃತ್ಯದವರಿಗೆಲ್ಲ ಗೊತ್ತು. ಇಲ್ಲಿ ನಾನು ವಿವರಿಸುವುದನ್ನೇ ಬಿಟ್ಟೆ. ಬಂದು ನೋಡಿ ಅಂದೆ. ಆದರೆ ಬಂದವರನ್ನು ಎಲ್ಲಿ ಕೂರಿಸೋದು, ನಾನು ಎಲ್ಲಿ ಕುಣಿಯೋದು?

ಮೊದಲು ದುಡ್ಡು ಬೇಕಿತ್ತು. ಅದು ಬಂದದ್ದು ಶಾಲೆಗಳ ವಾರ್ಷಿಕೋತ್ಸವದಿಂದ ಮತ್ತು ಎಸ್ಟೇಟ್ ಮನೆಗಳ ಮದುವೆಯಿಂದ. ಡಿಸೆಂಬರ್, ಜನವರಿ ಬಂತೆಂದರೆ ದಿನಕ್ಕೆ ಮೂರು ಶಾಲೆ. ಮದುವೆಗೆ ಮುಂಚೆ ಅತ್ತೆ, ಸೊಸೆ, ಭಾವಮೈದ ಎಲ್ಲರಿಗೂ ನಾಲ್ಕು ನಾಲ್ಕು ಸ್ಟೆಪ್. ನನಗೇನೂ ನಾಚಿಕೆ ಇಲ್ಲ. ತಾಳ ಬಾರದ ಭಾವನನ್ನು ತಾಳಕ್ಕೆ ತರುವುದು ಸುಲಭದ ಕೆಲಸ ಅಲ್ಲ. ಒಂದು ಶಾಲೆ ಮಾತ್ರ 14 ತಿಂಗಳು ಸತಾಯಿಸಿ ದುಡ್ಡು ಕೊಟ್ಟಿತು. ಆಮೇಲಿಂದ ಅರ್ಧ ಮುಂಗಡ, ಉಳಿದದ್ದು ಕಾರ್ಯಕ್ರಮದ ಹಿಂದಿನ ದಿನ. ಕಾಗದದ ಮೇಲೆ ಸಹಿ. ಗುರುತಿನವರಾದರೂ ಸರಿ.

ಮೂರನೇ ವರ್ಷಕ್ಕೆ ಒಂದು ಹಳೇ ಗೋದಾಮಿನ ಅರ್ಧ ಭಾಗ ಬಾಡಿಗೆಗೆ ಸಿಕ್ಕಿತು. 20 ಅಡಿಗೆ 16 ಅಡಿ. ಕೆಳಗೆ ಅದೇ ಸಿಮೆಂಟ್. ಮೇಲೆ ನಾವೇ ನೆಲ ಕಟ್ಟಿದೆವು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾರಿಗಾದರೂ ಬೇಕಾದೀತು.

ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ, ನೆಲದ ತೇವ ಮೇಲೆ ಏರದ ಹಾಗೆ. ಅದರ ಮೇಲೆ ಅಂಗೈಯಗಲದ ಗಟ್ಟಿ ಫೋಮ್ ತುಂಡುಗಳು, ಅಡಿಗೊಂದರಂತೆ. ಕತ್ತರಿಸಿ ಕತ್ತರಿಸಿ ಬೆರಳಲ್ಲಿ ಬೊಬ್ಬೆ ಬಂತು. ಅದರ ಮೇಲೆ 12 ಎಂಎಂ ಪ್ಲೈವುಡ್ ಎರಡು ಪದರ. 8 ಅಡಿಗೆ 4 ಅಡಿಯ ಶೀಟು, ಪದರಕ್ಕೆ 10, ಒಟ್ಟು 20. ಕೆಳಗಿನದು ಉದ್ದಕ್ಕೆ, ಮೇಲಿನದು ಅಡ್ಡಕ್ಕೆ. ಎರಡರ ಜಾಯಿಂಟ್ ಒಂದೇ ಕಡೆ ಬಂದರೆ ಅಲ್ಲೇ ಕಾಲು ಕುಸಿಯುತ್ತದೆ. ಬಡಗಿ ಗೋಡೆಗೆ ತಾಗಿಸಿ ಬಿಗಿಯಾಗಿ ಕೂರಿಸಲು ಹೊರಟರು. 'ಸಂದು ಬಿಟ್ರೆ ನೋಡೋಕೆ ಚೆನ್ನಾಗಿರಲ್ಲ ಮೇಡಂ' ಅಂದರು. ಬೇಡ, ಸುತ್ತ ಅರ್ಧ ಇಂಚು ಬಿಡಿ ಅಂತ ಹಟ ಹಿಡಿದೆ. ನಮ್ಮೂರ ಮಳೆಗೆ ಮರ ಉಬ್ಬದೇ ಇರುತ್ತಾ? ಜಾಗ ಇಲ್ಲದಿದ್ದರೆ ನಡುವೆ ಎದ್ದು ನಿಲ್ಲುತ್ತದೆ. ಕೊನೆಗೆ ಮೇಲೊಂದು ವಿನೈಲ್ ಹಾಸು. ಮೊದಲ ದಿನ ಹಾರಿ ಇಳಿದಾಗ ನೆಲ ಸ್ವಲ್ಪವೇ ತಗ್ಗಿ ಮೇಲೆ ಬಂತು. ಸುಮ್ನೆ ಇಪ್ಪತ್ತು ಸಲ ಹಾರಿದೆ.

ಮಕ್ಕಳು ಬರತೊಡಗಿದ್ದು ಆಮೇಲೆ. ಪೇಟೆಯ ಕಾಲೇಜಿನವರು, ಎಸ್ಟೇಟ್ ಕಾರ್ಮಿಕರ ಲೈನ್‌ಮನೆಯ ಇಬ್ಬರು ಹುಡುಗರು, ಕಡೂರು ಕಡೆಯ ಒಬ್ಬ. ಮೊದಲ ತಿಂಗಳು ನಾನು ಕಲಿಸುವುದು ಬೀಳುವುದನ್ನು. ಉಸಿರು ಬಿಡುತ್ತಾ ಮಂಡಿ ಮಡಚಿ ಕೆಳಗಾಗಬೇಕು. ಮೀನಖಂಡದ ಹೊರಮೈ, ತೊಡೆ, ಪೃಷ್ಠ, ಬೆನ್ನಿನ ಪಕ್ಕ, ಹೀಗೆ ಒಂದರ ಹಿಂದೊಂದು ನೆಲಕ್ಕೆ ತಾಗಬೇಕು. ಅಂಗೈ ಊರಿ ತಡೆದರೆ ಮಣಿಕಟ್ಟು ಹೋಯಿತು. ಧಡ್ ಅಂತ ಸದ್ದಾದರೆ ತಪ್ಪಿದೆ ಅಂತ ಲೆಕ್ಕ. ಒಬ್ಬ ತಾಯಿ ಒಂದು ವಾರ ಬಾಗಿಲಲ್ಲಿ ನಿಂತು ನೋಡಿದರು. 'ಮಿಸ್, ಬೀಳೋಕೆ ಫೀಸ್ ಯಾಕೆ? ನಮ್ ಹುಡುಗ ಮನೇಲೇ ಬೀಳ್ತಾನೆ' ಅಂದರು. ನಕ್ಕೆವು. ಆದರೆ ಆ ತಿಂಗಳ ಫೀಸ್ ಅವರು ಕೊಡಲೇ ಇಲ್ಲ.

ಕಡೂರಿನ ಹುಡುಗ ಮಾತ್ರ ಸದ್ದಿಲ್ಲದೆ ಬೀಳಲಾರ. ಅವರ ಮನೆಯಲ್ಲಿ ತಲೆಮಾರಿನಿಂದ ವೀರಗಾಸೆ. ಸಂಬಾಳ ವಾದ್ಯದ ಏಟು ಬಿದ್ದರೆ ಕಾಲು ತಾನಾಗಿ ಅಪ್ಪಳಿಸುತ್ತದೆ. ನಾನು ಅದನ್ನು ಬಿಡಿಸಲು ಮೂರು ತಿಂಗಳು ಒದ್ದಾಡಿದೆ. ಅದು ನನ್ನ ದಡ್ಡತನ. ಅವನು ಬರುವುದನ್ನೇ ನಿಲ್ಲಿಸಿದ. ನಾನೇ ಅವನ ಊರಿಗೆ ಹೋಗಿ ಜಾತ್ರೆಯಲ್ಲಿ ಅವನ ಕುಣಿತ ನೋಡಿದೆ. ಭಾರ ಪೂರ್ತಿ ಕೆಳಗೆ, ಎದೆ ಮಾತ್ರ ಹಗುರ. ನನಗೆ ಬಾರದ ವಿದ್ಯೆ ಅದು. ಕುವೆಂಪು ಕಲಾಮಂದಿರದಲ್ಲಿ ನಮ್ಮ ಮೊದಲ ಪ್ರದರ್ಶನ ಆದಾಗ ಉಳಿದ ಆರು ಜನ ಸದ್ದಿಲ್ಲದೆ ಬೀಳುತ್ತಿದ್ದರು, ನಡುವೆ ಅವನೊಬ್ಬ ನೆಲ ತುಳಿಯುತ್ತಿದ್ದ. ಜನ ನೋಡಿದ್ದು ಅವನನ್ನೇ.

ವರ್ಷಕ್ಕೊಂದು ಸಲ ಎಲ್ಲರನ್ನೂ ಬಸ್ಸಲ್ಲಿ ಬೇಲೂರಿಗೆ ಕರೆದುಕೊಂಡು ಹೋಗುತ್ತೇನೆ. ಇಲ್ಲಿಂದ ಮುಕ್ಕಾಲು ಗಂಟೆ, ಒಂದು ಗಂಟೆ ದಾರಿ. 1117ರ ಗುಡಿ, 42 ಮದನಿಕೆಯರು. ಭಂಗಿ ಅನುಕರಿಸಬೇಡಿ ಅನ್ನುತ್ತೇನೆ. ಅದು ಫೋಟೋ ತೆಗೆಸಿಕೊಳ್ಳುವವರ ಕೆಲಸ. ಭಾರ ಯಾವ ಕಾಲಿನ ಮೇಲಿದೆ ನೋಡಿ. ದರ್ಪಣ ಸುಂದರಿ ಕನ್ನಡಿ ಎತ್ತುವ ಮುಂಚಿನ ಕ್ಷಣ ಹೇಗಿದ್ದಳು, ಕೈ ಇಳಿಸಿದ ಮೇಲೆ ಯಾವ ಕಡೆ ತಿರುಗುತ್ತಾಳೆ, ಅದನ್ನು ಮಾಡಿ ತೋರಿಸಿ. ಗುಡಿಯ ಹೊರಗೆ ಹುಲ್ಲಿನ ಮೇಲೆ ಮಾಡುತ್ತಾರೆ. ಒಂದು ಸಲ ಲೈನ್‌ಮನೆ ಹುಡುಗ ಕನ್ನಡಿ ಇಳಿಸಿ, ಬೆನ್ನು ಬಗ್ಗಿಸಿ, ಕಾಫಿ ಹಣ್ಣು ಕೊಯ್ಯುವವರ ಹಾಗೆ ಕೊಂಬೆ ಎಳೆದುಕೊಂಡ. ಅವನ ಅಮ್ಮ ದಿನಾ ಮಾಡುವ ಕೆಲಸ. ನಮ್ಮ ಮುಂದಿನ ಪ್ರಯೋಗ ಅಲ್ಲಿಂದಲೇ ಶುರುವಾಯಿತು.

ಈ ಜುಲೈನಲ್ಲಿ ಸೂರು ಸೋರಿ ಮೂಲೆಯ ಒಂದು ಶೀಟು ಉಬ್ಬಿದೆ. ಮಳೆ ನಿಂತ ಮೇಲೆ ಬಿಚ್ಚಿ ನೋಡಬೇಕು. ಅಲ್ಲಿಯವರೆಗೆ ಯಾರೂ ಕಾಲಿಡದ ಹಾಗೆ ಅಲ್ಲೊಂದು ಬಕೆಟ್ ಇಟ್ಟಿದ್ದೇವೆ. ಹುಡುಗರು ಬಕೆಟ್ ಸುತ್ತಿಕೊಂಡೇ ತಿರುಗುತ್ತಾರೆ.